ಎಚ್ಚರಿಸುವ ಯಂತ್ರ ಸುಮ್ಮನಿದ್ದಾಗ

ಬೇಸಗೆಯ ನಡುಹಗಲಿನಲ್ಲಿ ಕಾದ ಹೊಲಗಳ ಮೇಲೆ ಹದ್ದುಗಳು ರೆಕ್ಕೆಯನ್ನು ಬಡಿಯದೆ ಸುತ್ತುಸುತ್ತಾಗಿ ಮೇಲೇರುವುದನ್ನು ನೋಡದವರು ಯಾರು? ನೆಲದಿಂದ ಮೇಲಕ್ಕೇಳುವ ಬಿಸಿಗಾಳಿಯ ಕಂಬವೇ ಅವುಗಳ ಏಣಿ. ಗ್ಲೈಡರ್ ಎಂಬ ಎಂಜಿನಿಲ್ಲದ ವಿಮಾನವೂ ಇದೇ ಏಣಿಯನ್ನು ಹತ್ತುತ್ತದೆ. ಆದರೆ ಇಂಥ ಏಣಿಗಳು ಆಕಾಶದಲ್ಲಿ ಎಲ್ಲೆಂದರಲ್ಲಿ ಇರುವುದಿಲ್ಲ. ಒಂದು ಕಡೆ ಗಾಳಿ ಮೇಲೇರುತ್ತಿದೆಯೆಂದು ಗೊತ್ತಾದೊಡನೆ ಸುತ್ತಮುತ್ತಲಿನ ಗ್ಲೈಡರುಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಸ್ವಿಟ್ಸರ್ಲೆಂಡಿನ ಆಲ್ಪ್ಸ್ ಪರ್ವತಶ್ರೇಣಿಯಲ್ಲಂತೂ ಗಾಳಿಯು ಬೆಟ್ಟದ ಇಳಿಜಾರಿಗೆ ತಾಗಿ ಮೇಲೇರುವುದರಿಂದ, ಅದೇ ಇಳಿಜಾರಿನ ಅಂಚನ್ನು ಹಿಡಿದು ಎದುರುಬದುರಾಗಿ ಹಾರುವ ಪ್ರಸಂಗಗಳು ಮೇಲಿಂದ ಮೇಲೆ ಬರುತ್ತವೆ. ವಿಸ್ತಾರವಾದ ಆಕಾಶದಲ್ಲಿಯೂ ಡಿಕ್ಕಿಯಾಗುವುದು ಹೀಗೆ.

ಚಾಲಕನಿಗೆ ಕಣ್ಣಿಲ್ಲವೇ ಎಂದು ಓದುಗರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎರಡು ಗ್ಲೈಡರುಗಳು ತಲಾ ಗಂಟೆಗೆ ೧೫೦ ಕಿಲೋಮೀಟರು ವೇಗದಿಂದ ಎದುರುಬದುರಾಗಿ ಬರುತ್ತಿವೆ ಎನ್ನೋಣ. ನಡುವಣ ಅಂತರ ಸೆಕೆಂಡಿಗೆ ಸುಮಾರು ೮೩ ಮೀಟರಿನಂತೆ ಕರಗುತ್ತದೆ. ಡಿಕ್ಕಿಗೆ ೨೦ ಸೆಕೆಂಡು ಉಳಿದಿರುವಾಗ ಅವುಗಳ ಅಂತರ ೧,೬೭೦ ಮೀಟರು. ಎದುರಿನಿಂದ ನೋಡಿದರೆ ಗ್ಲೈಡರಿನ ರೆಕ್ಕೆ ಬರಿಯ ಒಂದು ತೆಳುಗೆರೆ. ಕಾಣುವಂಥದೇನಾದರೂ ಇದ್ದರೆ ಅದರ ಒಡಲು, ಅದರ ಅಗಲ ಹೆಚ್ಚುಕಡಮೆ ೭೦ ಸೆಂಟಿಮೀಟರು. ಅಷ್ಟು ದೂರದಿಂದ ಇದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ೧.೪ ಕಲೆ ಮಾತ್ರ, ಎಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಆರೋಗ್ಯವಂತನ ಕಣ್ಣು ವಿಂಗಡಿಸಿ ಕಾಣಬಲ್ಲ ಕನಿಷ್ಠ ಕೋನ ಸುಮಾರು ಒಂದು ಕಲೆ. ಇದರ ಮೇಲೆ ಇನ್ನೊಂದು ತೊಡಕು ಇದೆ. ಎರಡು ವಿಮಾನಗಳು ನೇರವಾದ ದಾರಿಯಲ್ಲಿ ಸಮವೇಗದಿಂದ ಡಿಕ್ಕಿಯ ಬಿಂದುವಿನತ್ತ ಸಾಗುತ್ತಿರುವಾಗ, ಒಂದರ ಚಾಲಕನಿಗೆ ಇನ್ನೊಂದು ವಿಮಾನ ತನ್ನ ಗಾಜಿನ ಮುಚ್ಚಳದ ಒಂದೇ ಚುಕ್ಕೆಯಲ್ಲಿ ಅಲುಗಾಡದೆ ನಿಂತಂತೆ ಕಾಣುತ್ತದೆ. ಚಲಿಸುವುದನ್ನು ಬೇಗ ಗುರುತಿಸುವ ನಮ್ಮ ಕಣ್ಣು ನಿಂತಿರುವುದನ್ನು ಗಮನಿಸುವುದಿಲ್ಲ. ಯಾವ ವಿಮಾನ ಅಪಾಯಕಾರಿಯೋ ಅದೇ ಕಣ್ಣಿಗೆ ಬೀಳದಂತಾಗುತ್ತದೆ! ಕಂಡಮೇಲೆ ಅದೇನೆಂದು ತಿಳಿದು, ತೀರ್ಮಾನಿಸಿ, ವಿಮಾನವನ್ನು ತಿರುಗಿಸಿ ಪಾರಾಗುವುದಕ್ಕೆ ಸುಮಾರು ೧೨.೫ ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತದ ಮಾರ್ಗಸೂಚಿ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ೧೨.೫ ಸೆಕೆಂಡೆಂದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಈ ಒಂದು ಕಿಲೋಮೀಟರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಕಣ್ಣಿನ ಈ ಕೊರತೆಯನ್ನು ತುಂಬುವುದಕ್ಕಾಗಿ ೨೦೦೩ರಲ್ಲಿ ಸ್ವಿಟ್ಸರ್ಲೆಂಡಿನ ಊರ್ಸ್ ರೊಟಾಕರ್ ಮತ್ತು ಆಂಡ್ರೇಯಾ ಶ್ಲಾಪ್‌ಬಾಕ್ ಎಂಬಿಬ್ಬರು ‘ಫ್ಲಾರ್ಮ್’ ಎಂಬ ಪುಟ್ಟ ಸಾಧನವೊಂದರ ಕೆಲಸಕ್ಕೆ ಕೈಹಾಕಿದರು. ಮರುವರ್ಷವೇ ಅದು ಗ್ಲೈಡರುಗಳಲ್ಲಿ ಹಾರತೊಡಗಿತು. ಇಂದು ಹಲವು ಹತ್ತುಸಾವಿರ ವಿಮಾನಗಳಲ್ಲಿ ಅದು ಕುಳಿತಿದೆ. ಅದರ ಕಾರ್ಯತತ್ತ್ವ ಸರಳವಾದದ್ದು. ಸಾಧನದೊಳಗೆ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಗ್ರಾಹಕವೊಂದಿದೆ, ವಾಯುಭಾರವನ್ನು ಅಳೆಯುವ ಉಪಕರಣವೊಂದಿದೆ. ಇವೆರಡರಿಂದ ತಾನೆಲ್ಲಿದ್ದೇನೆ, ಯಾವ ವೇಗದಲ್ಲಿ ಯಾವ ಕಡೆ ಸಾಗುತ್ತಿದ್ದೇನೆ, ಸುತ್ತುತ್ತಿದ್ದೇನೆಯೋ ನೇರವಾಗಿ ಹೋಗುತ್ತಿದ್ದೇನೆಯೋ ಎಂಬುದನ್ನು ಲೆಕ್ಕ ಹಾಕಿ, ಮುಂದಿನ ಕೆಲವು ಸೆಕೆಂಡುಗಳ ತನ್ನ ದಾರಿಯನ್ನು ಅದು ರೇಡಿಯೋ ಮೂಲಕ ಸೆಕೆಂಡಿಗೊಮ್ಮೆ ಸಾರುತ್ತದೆ. ಬೇರೆ ಗ್ಲೈಡರುಗಳು ಸಾರಿದ್ದನ್ನು ಕೇಳಿ ತನ್ನ ದಾರಿಯೊಡನೆ ಹೋಲಿಸುತ್ತದೆ. ಎರಡು ದಾರಿಗಳು ಕೂಡುವ ಸಂಭವವಿದ್ದರೆ ದೀಪ ಮಿನುಗಿಸಿ ಕೂಗುತ್ತದೆ. ಮೊದಲ ಕೂಗು ಡಿಕ್ಕಿಗೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಕೇಳಬರುತ್ತದೆ; ಅಪಾಯ ಹತ್ತಿರವಾದಂತೆ ಕೂಗು ತೀವ್ರವಾಗುತ್ತದೆ.

ಇಷ್ಟೆಲ್ಲ ಸಂಭಾಷಣೆಗೆ ಬಳಸುವ ಶಕ್ತಿ ಎಷ್ಟೆಂದು ಬಲ್ಲಿರಾ? ಯುರೋಪಿನಲ್ಲಿ ಈ ಸಾಧನ ಬಳಸುವ ೮೬೮ ಮೆಗಾಹರ್ಟ್ಸ್ ಆವೃತ್ತಿಯ ಪಟ್ಟಿಯಲ್ಲಿ ಪ್ರಸಾರದ ಶಕ್ತಿ ೨೫ ಮಿಲಿವಾಟನ್ನು ಮೀರುವಂತಿಲ್ಲ. ಹಳೆಯ ಟಾರ್ಚಿನ ಪುಟ್ಟ ಬಲ್ಬು ತಿನ್ನುವ ಶಕ್ತಿಯಲ್ಲಿ ಇದು ಮೂವತ್ತರಲ್ಲಿ ಒಂದು ಪಾಲು. ಇಷ್ಟರಿಂದಲೇ, ಸರಿಯಾಗಿ ಜೋಡಿಸಿದ ಸಾಧನ ೩ರಿಂದ ೫ ಕಿಲೋಮೀಟರು ದೂರದವರೆಗೆ ಮಾತಾಡಬಲ್ಲುದು. ಹೊಸ ಮಾದರಿಗಳ ವ್ಯಾಪ್ತಿ ಇನ್ನೂ ಹೆಚ್ಚು. ನಮ್ಮ ಚರ್ಚೆ ನಿಂತಿರುವುದು ‘ಸರಿಯಾಗಿ ಜೋಡಿಸಿದ’ ಎಂಬ ಆ ಮಾತಿನ ಮೇಲೆ.

ಸಾಮಾನ್ಯವಾದ ಯಂತ್ರವೊಂದು ಕೆಟ್ಟರೆ ನಮಗೆ ತಿಳಿಯುತ್ತದೆ. ಬೀಸಣಿಗೆ ನಿಂತರೆ ಬೆವರುತ್ತೇವೆ, ಪಂಪು ಕೆಟ್ಟರೆ ನಲ್ಲಿ ಒಣಗುತ್ತದೆ. ಎಚ್ಚರಿಕೆಯ ಯಂತ್ರದ ಜಾತಿಯೇ ಬೇರೆ. ಅದು ಸರಿಯಾಗಿದ್ದಾಗಲೂ ಬಹುಪಾಲು ಹೊತ್ತು ಸುಮ್ಮನಿರುತ್ತದೆ, ಕೆಟ್ಟಾಗಲೂ ಸುಮ್ಮನಿರುತ್ತದೆ. ‘ಹತ್ತಿರದಲ್ಲಿ ಯಾರೂ ಇಲ್ಲ’ ಎಂಬ ಮೌನಕ್ಕೂ ‘ನನಗೆ ಯಾರೂ ಕೇಳಿಸುತ್ತಿಲ್ಲ’ ಎಂಬ ಮೌನಕ್ಕೂ ಹೊರಗಿನಿಂದ ವ್ಯತ್ಯಾಸವೇ ಇಲ್ಲ.

ರೈಲ್ವೆಯ ಎಂಜಿನಿಯರುಗಳು ಈ ಸಮಸ್ಯೆಯನ್ನು ಬಹು ಹಿಂದೆಯೇ ಬಿಡಿಸಿದರು. ೧೮೭೨ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಹಳಿಗಳ ಮೂಲಕವೇ ಸದಾ ಒಂದು ದುರ್ಬಲ ವಿದ್ಯುತ್ಪ್ರವಾಹವನ್ನು ಹರಿಸುವ ಉಪಾಯವನ್ನು ಕಂಡುಹಿಡಿದ. ಆ ಪ್ರವಾಹ ತಲಪುತ್ತಿರುವವರೆಗೆ ಮಾತ್ರ ಸಿಗ್ನಲ್ ‘ಹೋಗಬಹುದು’ ಎನ್ನುತ್ತದೆ. ರೈಲು ಬಂದರೆ ಅದರ ಚಕ್ರ ಮತ್ತು ಅಚ್ಚುಗಳು ಎರಡು ಹಳಿಗಳನ್ನೂ ಕೂಡಿಸಿ ಪ್ರವಾಹವನ್ನು ಅಡ್ಡದಾರಿಗೆ ಎಳೆಯುತ್ತವೆ, ಸಿಗ್ನಲ್ ಕೆಂಪಾಗುತ್ತದೆ. ಹಳಿ ಮುರಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಎಂದರೆ ಇಲ್ಲಿ ಮೌನಕ್ಕೆ ‘ಅಪಾಯ’ ಎಂದೇ ಅರ್ಥ. ಫ್ಲಾರ್ಮ್ ಈ ಸೊಗಸಾದ ತಂತ್ರವನ್ನು ಅನುಸರಿಸಲಾರದು. ಆಕಾಶ ಎರಡು ಹಳಿಗಳ ದಾರಿಯಲ್ಲ. ಅಲ್ಲಿ ಯಾರಿದ್ದಾರೆಂದು ಮೊದಲೇ ಗೊತ್ತಿಲ್ಲದಿರುವಾಗ, ಕೇಳಬೇಕಾದದ್ದು ಕೇಳಿಸಲಿಲ್ಲವೆಂದು ಸಾಧನಕ್ಕೆ ತಿಳಿಯುವ ಬಗೆ ಯಾವುದು? ಆದುದರಿಂದ ಮೌನವನ್ನು ಪರೀಕ್ಷಿಸುವ ಹೊಣೆ ಯಂತ್ರದಿಂದ ಮನುಷ್ಯನ ಮೇಲೆ ಬೀಳುತ್ತದೆ. ದೀಪ ಉರಿಯುತ್ತಿದೆ, ಇನ್ನೇನು ಎಂದು ತೃಪ್ತರಾಗುವವರನ್ನು ನಾವು ಒಪ್ಪುವುದಿಲ್ಲ. ಮೊದಲ ಮಾದರಿಯ ಫ್ಲಾರ್ಮಿನಲ್ಲಿ ವಿದ್ಯುತ್ತು, ಜಿ.ಪಿ.ಎಸ್., ಪ್ರಸಾರ, ಗ್ರಹಣ ಎಂದು ನಾಲ್ಕು ಸೂಚಕ ದೀಪಗಳಿದ್ದವು. ಪ್ರಸಾರದ ದೀಪ ಹೇಳುವುದು ಪ್ರಸಾರಕವು ಕೆಲಸ ಮಾಡುತ್ತಿದೆ ಎಂಬುದನ್ನು. ಆಂಟೆನದಿಂದ ಅಲೆ ಹೊರಬಿದ್ದಿತೇ ಎಂಬುದನ್ನಲ್ಲ. ಅಂಚೆಯಣ್ಣ ಚೀಲ ಹೊತ್ತು ಹೊರಟದ್ದನ್ನು ಕಂಡ ಮಾತ್ರಕ್ಕೆ ಕಾಗದ ತಲಪಿತೆಂದು ಹೇಳಲಾದೀತೇ?

ಈಗ ದೋಷಗಳ ವಿಚಾರ. ಇಲ್ಲಿ ನಮಗೆ ದಾರಿ ತೋರುವುದು ಪ್ರೌಢಶಾಲೆಯಲ್ಲಿಯೇ ಕಲಿತ ವಿಲೋಮ ವರ್ಗ ನಿಯಮ. ಅಡೆತಡೆಯಿಲ್ಲದ ಆಕಾಶದಲ್ಲಿ ದೂರ ಎರಡರಷ್ಟಾದರೆ ಬಂದು ತಲಪುವ ಶಕ್ತಿ ನಾಲ್ಕರಲ್ಲೊಂದಾಗುತ್ತದೆ. ಇದನ್ನು ತಿರುಗಿಸಿ ಹೇಳಿದರೆ, ಶಕ್ತಿಯ ನಾಲ್ಕರಲ್ಲಿ ಮೂರು ಪಾಲು ಎಲ್ಲಿಯೋ ಸೋರಿಹೋದರೆ ವ್ಯಾಪ್ತಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಕಿಲೋಮೀಟರು ವ್ಯಾಪ್ತಿಯ ಸಾಧನವನ್ನು ತೆಗೆದುಕೊಳ್ಳೋಣ. ಶಕ್ತಿ ೧/೪ಕ್ಕೆ ಇಳಿದರೆ ಎರಡು ಕಿಲೋಮೀಟರು. ೧/೧೬ಕ್ಕೆ ಇಳಿದರೆ ಒಂದು ಕಿಲೋಮೀಟರು, ಎಂದರೆ ನಾವು ನೆನಪಿನಲ್ಲಿಟ್ಟ ಆ ಗಡಿ. ೧/೬೪ಕ್ಕೆ ಇಳಿದರೆ ಅರ್ಧ ಕಿಲೋಮೀಟರು. ಚಾಲಕನಿಗೆ ಸಿಕ್ಕುವುದು ಆರೇ ಸೆಕೆಂಡು. ಸಾಧನ ಆಗಲೂ ಕೂಗುತ್ತದೆ, ನಿಜ. ತಡವಾಗಿ ಕೂಗುತ್ತದೆ.

ಶಕ್ತಿ ಸೋರುವುದೆಲ್ಲಿ? ಬಹುಮಟ್ಟಿಗೆ ಆಂಟೆನದಲ್ಲಿ ಮತ್ತು ಅದರ ನೆರೆಹೊರೆಯಲ್ಲಿ. ೮೬೮ ಮೆಗಾಹರ್ಟ್ಸಿನ ತರಂಗದೂರ ೩೪.೫ ಸೆಂಟಿಮೀಟರು; ಅರ್ಧತರಂಗದ ಆಂಟೆನ ಸುಮಾರು ಒಂದು ಗೇಣಿನಷ್ಟು ಉದ್ದ. ಇಷ್ಟು ಚಿಕ್ಕದಾದ ಕಾರಣ ಅದನ್ನು ಎಲ್ಲಿ ಬೇಕಾದರೂ ತುರುಕುವ ಆಸೆ ಜನರಿಗೆ ಬರುತ್ತದೆ. ಹಿಂದೆ ಮರ ಮತ್ತು ಬಟ್ಟೆಯಿಂದ ಗ್ಲೈಡರುಗಳನ್ನು ಕಟ್ಟುತ್ತಿದ್ದರು. ೧೯೫೭ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಗಾಜಿನ ಎಳೆಗಳಿಂದ ಮಾಡಿದ ‘ಫೀನಿಕ್ಸ್’ ಹಾರಿತು. ೧೯೭೨ರಲ್ಲಿ ಬ್ರೌನ್‌ಶ್ವೈಗಿನ ‘ಎಸ್‌ಬಿ-೧೦’ ತನ್ನ ರೆಕ್ಕೆಯ ರಚನೆಯಲ್ಲಿ ಕಾರ್ಬನ್ ಎಳೆಗಳನ್ನು ಬಳಸಿತು. (ಈ ಎರಡನೆಯದನ್ನು ಕಟ್ಟಿದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೆಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರು ಗಮನಿಸಲಿ.) ಮರ, ಬಟ್ಟೆ, ಗಾಜು ಇವು ರೇಡಿಯೋ ಅಲೆಗಳಿಗೆ ತೆರೆದ ಕಿಟಕಿಯಿದ್ದಂತೆ. ಕಾರ್ಬನ್ ಹಾಗಲ್ಲ, ಅದು ವಿದ್ಯುದ್ವಾಹಕ. ಕಾರ್ಬನ್ನಿನ ಒಡಲು ಹೊರಗಿನಿಂದ ಗಾಜಿನ ಒಡಲಿನಂತೆಯೇ ನುಣುಪಾಗಿ, ಬಿಳಿಯ ಬಣ್ಣ ಹೊತ್ತು ನಿಂತಿರುತ್ತದೆ. ಅಲೆಗಳಿಗೆ ಮಾತ್ರ ಅದು ತಗಡಿನ ಗೋಡೆ. ಇದನ್ನು ಮನಗಾಣಲು ಗ್ಲೈಡರು ಬೇಕಿಲ್ಲ. ಹಾಡುತ್ತಿರುವ ಕಿಸೆ ರೇಡಿಯೋವೊಂದನ್ನು ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸಂದಿಲ್ಲದಂತೆ ಸುತ್ತಿ ನೋಡಿ.

ಒಡಲಿನ ಮೂತಿಯೊಳಗೆ ಆಂಟೆನವನ್ನಿಟ್ಟ ಗ್ಲೈಡರು ಹೀಗೆ ಮುಂದಕ್ಕೆ ಕುರುಡಾಗಬಹುದು. ಉಪಕರಣಗಳ ಫಲಕದ ಹಿಂದೆ ಇಟ್ಟರೆ ಲೋಹದ ಡಬ್ಬಿಗಳು ಅಡ್ಡ. ಇನ್ನು ಹಿಂದಕ್ಕೆ ನೋಡಬೇಕಾದರೆ ಅಲೆಗಳು ಚಾಲಕನ ದೇಹವನ್ನೇ ಹಾಯಬೇಕು. ನಮ್ಮ ದೇಹದ ಬಹುಭಾಗ ಉಪ್ಪುನೀರು, ಅದು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಆಂಟೆನ ನಿಂತ ಭಂಗಿಯೂ ಮುಖ್ಯ. ಎಲ್ಲರೂ ಲಂಬವಾಗಿ ನಿಲ್ಲಿಸಿರುವಾಗ ಒಬ್ಬನು ಅಂದಕ್ಕಾಗಿಯೋ ಜಾಗವಿಲ್ಲವೆಂದೋ ಅದನ್ನು ಅಡ್ಡ ಮಲಗಿಸಿದರೆ, ತಾತ್ತ್ವಿಕವಾಗಿ ಅವನಿಗೆ ಏನೂ ಕೇಳಿಸಬಾರದು. ಸುತ್ತಲಿನ ಪ್ರತಿಫಲನಗಳ ದೆಸೆಯಿಂದ ಸ್ವಲ್ಪ ಕೇಳಿಸುತ್ತದೆ. ಅದು ನೂರರಲ್ಲಿ ಒಂದು ಪಾಲಾದರೆ ವ್ಯಾಪ್ತಿ ಹತ್ತರಲ್ಲಿ ಒಂದು: ೪೦೦ ಮೀಟರು, ಐದು ಸೆಕೆಂಡಿಗೂ ಕಡಮೆ. ಹಾಗಾದರೆ ಗ್ಲೈಡರು ಓರೆಯಾಗಿ ಸುತ್ತುವಾಗ ಆಂಟೆನವೂ ಓರೆಯಾಗುವುದಿಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆಗುತ್ತದೆ, ೪೫ ಡಿಗ್ರಿ ಓರೆಯಾದರೆ ಅರ್ಧ ಶಕ್ತಿ ನಷ್ಟ, ಆದರೆ ವ್ಯಾಪ್ತಿ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ. ಇದು ಸಹಿಸಬಹುದಾದ ನಷ್ಟ.

ಮತ್ತೊಂದು ದೋಷವಂತೂ ಪತ್ತೇದಾರಿ ಕಥೆಗೆ ತಕ್ಕದ್ದು. ಆಂಟೆನದ ತಂತಿಯನ್ನು ಸಾಧನಕ್ಕೆ ಕೂಡಿಸುವ ಸಣ್ಣ ತಿರುಪಿನ ಜೋಡಣೆಗಳಲ್ಲಿ ಎರಡು ಬಗೆಯಿವೆ. ತಿರುಪು ಎರಡರಲ್ಲಿಯೂ ಒಂದೇ. ನಡುವಿನ ಸೂಜಿ ಮತ್ತು ರಂಧ್ರಗಳು ಮಾತ್ರ ಅದಲುಬದಲು. ತಪ್ಪಿ ಒಂದು ಬಗೆಯದನ್ನು ಇನ್ನೊಂದಕ್ಕೆ ಕೂಡಿಸಿದರೆ ತಿರುಪು ಬಿಗಿಯಾಗಿ ಕೂರುತ್ತದೆ, ಕೈಗೆ ಸಮಾಧಾನವಾಗುತ್ತದೆ, ಒಳಗೆ ರಂಧ್ರಕ್ಕೆ ರಂಧ್ರ ಎದುರಾಗಿ ತಂತಿ ತಂತಿಯನ್ನು ಮುಟ್ಟಿಯೇ ಇರುವುದಿಲ್ಲ. ಇಂಥ ಸಾಧನ ಕೂಡ ಪೂರ್ತಿ ಮೂಕವಾಗುವುದಿಲ್ಲವೆಂಬುದೇ ಕಷ್ಟ. ನೆಲದ ಮೇಲೆ ಇಪ್ಪತ್ತು ಮೀಟರು ದೂರದಲ್ಲಿ ಎರಡು ಗ್ಲೈಡರುಗಳನ್ನು ನಿಲ್ಲಿಸಿ, ಒಂದು ಇನ್ನೊಂದನ್ನು ಕಾಣುತ್ತದೆಯೇ ಎಂದು ಪರೀಕ್ಷಿಸುವ ರೂಢಿಯಿದೆ. ಇಪ್ಪತ್ತು ಮೀಟರೆಂದರೆ ನಾಲ್ಕು ಕಿಲೋಮೀಟರಿನ ಇನ್ನೂರರಲ್ಲೊಂದು ಪಾಲು. ಅಲ್ಲಿ ಸಂಕೇತದ ಶಕ್ತಿ ೨೦೦ರ ವರ್ಗದಷ್ಟು, ಎಂದರೆ ೪೦,೦೦೦ ಪಟ್ಟು ಹೆಚ್ಚು. ನಲವತ್ತು ಸಾವಿರದಲ್ಲಿ ಒಂದೇ ಪಾಲು ಉಳಿದಿರುವ ಸಾಧನವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ! ಪಕ್ಕದಲ್ಲಿ ಕುಳಿತವನ ಕಿವಿಯಲ್ಲಿ ಕೂಗಿ ಅವನಿಗೆ ಕಿವುಡಿಲ್ಲವೆಂದು ತೀರ್ಮಾನಿಸಿದಂತಾಯಿತು ಇದು.

ಉಳಿದ ದೋಷಗಳು ಇಷ್ಟು ಕಪಟಿಗಳಲ್ಲ. ಜಿ.ಪಿ.ಎಸ್. ಗ್ರಾಹಕಕ್ಕೆ ಆಕಾಶ ಕಾಣದಿದ್ದರೆ ತಾನೆಲ್ಲಿದ್ದೇನೆಂದು ತಿಳಿಯದೆ ಸಾಧನ ಅದನ್ನು ದೀಪದಲ್ಲಿ ಹೇಳುತ್ತದೆ. ಎಲ್ಲ ಸಾಧನಗಳೂ ಒಂದೇ ಭಾಷೆಯಲ್ಲಿ ಮಾತಾಡಲೆಂದು ಅವುಗಳೊಳಗಿನ ಕಾರ್ಯಸೂಚಿಯನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಹೊಸದಾಗಿಸಬೇಕು. ಮರೆತರೆ ಸಾಧನ ದೋಷ ತೋರಿಸಿ ಕೆಲಸ ನಿಲ್ಲಿಸುತ್ತದೆ. ಚಾಲಕ ಮಾತಿನ ರೇಡಿಯೋ ಒತ್ತಿದಾಗಲೆಲ್ಲ ಫ್ಲಾರ್ಮ್ ಸತ್ತು ಹುಟ್ಟುತ್ತಿದ್ದರೆ ಓಮನ ನಿಯಮವನ್ನು ನೆನೆಯಬೇಕು: ತುಕ್ಕು ಹಿಡಿದ ಜೋಡಣೆಯ ರೋಧ ಅರ್ಧ ಓಮ್, ರೇಡಿಯೋ ಎಳೆಯುವ ಪ್ರವಾಹ ಎರಡು ಆಂಪಿಯರು ಎಂದಿಟ್ಟುಕೊಂಡರೆ ಅಲ್ಲಿಯೇ ಒಂದು ವೋಲ್ಟು ಮಾಯ. ಇವೆಲ್ಲ ತಮ್ಮನ್ನು ತಾವೇ ಸಾರಿಕೊಳ್ಳುವ ರೋಗಗಳು. ಸುಳ್ಳು ಕೂಗೂ ಅಷ್ಟೆ. ಹೊಸ ಮಾದರಿಗಳು ದೊಡ್ಡ ವಿಮಾನಗಳ ಟ್ರಾನ್ಸ್‌ಪಾಂಡರುಗಳು ೧೦೯೦ ಮೆಗಾಹರ್ಟ್ಸಿನಲ್ಲಿ ಹೊರಡಿಸುವ ಸಂಕೇತಗಳನ್ನೂ ಕೇಳುತ್ತವೆ. ಗ್ಲೈಡರಿನಲ್ಲಿಯೇ ಒಂದು ಟ್ರಾನ್ಸ್‌ಪಾಂಡರಿದ್ದು, ಅದರ ೨೪ ಬಿಟ್ಟುಗಳ ಗುರುತಿನ ಸಂಖ್ಯೆಯನ್ನು ಫ್ಲಾರ್ಮಿಗೆ ತಪ್ಪಾಗಿ ತಿಳಿಸಿದ್ದರೆ, ಸಾಧನ ತನ್ನದೇ ವಿಮಾನವನ್ನು ಪಕ್ಕದಲ್ಲಿ ಬರುತ್ತಿರುವ ಪರಕೀಯನೆಂದು ಭಾವಿಸಿ ಬೊಬ್ಬೆಯಿಡುತ್ತದೆ. ನಗು ಬರುವ ಸಂಗತಿ. ಆದರೆ ಚಾಲಕ ಬೇಸತ್ತು ಧ್ವನಿಯನ್ನು ತಗ್ಗಿಸಿಬಿಟ್ಟರೆ ನಗುವುದಕ್ಕಾಗದು.

ಹಾಗಾದರೆ ಮೌನವಾದ ದೋಷವನ್ನು ಹಿಡಿಯುವುದು ಹೇಗೆ? ಉತ್ತರ ಸಾಧನದೊಳಗೇ ಇದೆ. ದಾಖಲೆಯ ಸೌಲಭ್ಯವಿರುವ ಫ್ಲಾರ್ಮ್, ಹಾರಾಟವನ್ನು ದಾಖಲಿಸುವಾಗ ತಾನು ಕೇಳಿದ ಬೇರೆ ಗ್ಲೈಡರುಗಳ ವಿವರವನ್ನೂ ಬರೆದಿಡುತ್ತದೆ. ಇದರಿಂದ ಯಾವ ದಿಕ್ಕಿನಲ್ಲಿ ಎಷ್ಟು ದೂರದವರೆಗೆ ಕೇಳಿಸಿತೆಂದು ಲೆಕ್ಕ ಹಾಕಿ, ಗ್ಲೈಡರನ್ನು ನಡುವೆ ಇಟ್ಟು ಸುತ್ತಲೂ ನಕ್ಷೆ ಬರೆಯಬಹುದು. ಇಂಥ ವಿಶ್ಲೇಷಣೆಯನ್ನು ತಯಾರಕರೇ ಒದಗಿಸಿದ್ದಾರೆ. ನಕ್ಷೆ ದುಂಡಗಿದ್ದರೆ ಸಂತೋಷ. ಮುಂದೆ ನಾಲ್ಕು ಕಿಲೋಮೀಟರಿದ್ದು ಎಡಹಿಂಭಾಗದಲ್ಲಿ ಆರುನೂರು ಮೀಟರಿಗೆ ಕುಗ್ಗಿದ್ದರೆ ಆ ಕಡೆ ಏನೋ ಅಡ್ಡವಿದೆ. ಎಲ್ಲ ಕಡೆಯೂ ಸಮನಾಗಿ ಕುಗ್ಗಿದ್ದರೆ ಜೋಡಣೆ, ತಂತಿ ಅಥವಾ ಭಂಗಿಯನ್ನು ಸಂಶಯಿಸಬೇಕು. ಒಂದೇ ಹಾರಾಟದ ದಾಖಲೆ ಸಾಲದು, ಏಕೆಂದರೆ ಕೇಳಿಸದೆ ಇದ್ದ ದಿಕ್ಕಿನಲ್ಲಿ ಅಂದು ಯಾರೂ ಇಲ್ಲದೆ ಇದ್ದಿರಬಹುದು. ಆಂಟೆನದ ಗುಣ ಪ್ರಸಾರಕ್ಕೂ ಗ್ರಹಣಕ್ಕೂ ಒಂದೇ ಎಂಬ ಪರಸ್ಪರತೆಯ ನಿಯಮವಿರುವುದರಿಂದ, ಕೇಳುವ ನಕ್ಷೆಯನ್ನು ನೋಡಿ ನಮ್ಮ ಮಾತು ಎಲ್ಲಿಯವರೆಗೆ ಕೇಳಿಸೀತೆಂದು ಊಹಿಸಬಹುದು. ಆದರೆ ಈ ನಿಯಮ ಅನ್ವಯಿಸುವುದು ಆಂಟೆನಕ್ಕೆ ಮತ್ತು ತಂತಿಗೆ ಮಾತ್ರ. ಪ್ರಸಾರಕವೇ ಬಡವಾಗಿದ್ದರೆ ನಮ್ಮ ನಕ್ಷೆ ದುಂಡಗಿದ್ದೂ ಇತರರು ನಮ್ಮನ್ನು ಕೇಳಲಾರರು. ಅದನ್ನು ತಿಳಿಯಲು ಜೊತೆಯಲ್ಲಿ ಹಾರಿದವರ ದಾಖಲೆಗಳನ್ನು ಕೇಳಿ ಪಡೆಯಬೇಕು. ದೋಷ ಗೊತ್ತಾದ ಮೇಲೆ ಒಮ್ಮೆಗೆ ಒಂದನ್ನೇ ಬದಲಿಸಿ ಮತ್ತೆ ಹಾರಿ ಅಳೆಯಬೇಕು. ಆಂಟೆನ, ತಂತಿ, ಸಾಧನ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ರೋಗ ವಾಸಿಯಾದೀತು. ರೋಗ ಯಾವುದೆಂದು ತಿಳಿಯದು. ತಂತಿಯೊಳಗಿನ ಬಿರುಕು ಹಾಗೆಯೇ ಕಪಾಟು ಸೇರಿ ಮುಂದೊಂದು ದಿನ ಇನ್ನೊಬ್ಬನ ಗ್ಲೈಡರಿನಲ್ಲಿ ಎದ್ದೀತು.

ಇಷ್ಟೊಂದು ಗಡಿಬಿಡಿ ಏಕೆ, ಫ್ಲಾರ್ಮ್ ಬರಿಯ ಸಹಾಯಕ, ಹೊರಗೆ ನೋಡುವುದೇ ಚಾಲಕನ ಮೊದಲ ಕರ್ತವ್ಯ ಎಂದು ವಾದಿಸುವವರುಂಟು. ಅವರ ಮಾತಿನ ಎರಡನೆಯ ಅರ್ಧವನ್ನು ನಾವೂ ಒಪ್ಪುತ್ತೇವೆ. ಆದರೆ ಮನುಷ್ಯಸ್ವಭಾವವನ್ನು ಅವರು ಮರೆತಿದ್ದಾರೆ. ಕಾವಲುಗಾರನನ್ನು ನೇಮಿಸಿದ ಮೇಲೆ ಮನೆಯ ಯಜಮಾನ ಮೊದಲಿನಷ್ಟು ಎಚ್ಚರದಿಂದ ಮಲಗುವುದಿಲ್ಲ. ಕುರುಡು ಕಾವಲುಗಾರ ಆಗ ಇಲ್ಲದ ಕಾವಲುಗಾರನಿಗಿಂತ ಕೆಡುಕು. ಅದಕ್ಕಿಂತ ಮಿಗಿಲಾಗಿ, ಈ ಸಾಧನ ಒಬ್ಬನ ಸ್ವಂತ ಆಸ್ತಿಯಂತೆ ಕಂಡರೂ ಅದರ ಕೆಲಸ ಇಬ್ಬರ ನಡುವಿನದು. ನನ್ನ ಮೂಗುದಾರ ಸಡಿಲವಾದರೆ ನಷ್ಟ ನನಗೆ ಎನ್ನುವಂತಿಲ್ಲ. ಒಬ್ಬನ ಆಂಟೆನ ಮಲಗಿದ್ದರೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟುಕೊಂಡ ಇನ್ನೊಬ್ಬನಿಗೂ ಎಚ್ಚರಿಕೆ ತಡವಾಗುತ್ತದೆ. ಆದುದರಿಂದ ವ್ಯಾಪ್ತಿಯ ನಕ್ಷೆಯನ್ನು ಚಾಲಕನ ಉತ್ಸಾಹಕ್ಕೆ ಬಿಡದೆ, ಗ್ಲೈಡರಿನ ರೆಕ್ಕೆ, ಬೆಸುಗೆ, ಬೋಲ್ಟುಗಳನ್ನು ನೋಡುವ ವಾರ್ಷಿಕ ತಪಾಸಣೆಯಲ್ಲಿಯೇ ಸೇರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಎಲ್ಲ ದಿಕ್ಕುಗಳಲ್ಲಿಯೂ ಒಂದೂವರೆ ಕಿಲೋಮೀಟರಿಗೆ ಕಡಮೆಯಿಲ್ಲದ ವ್ಯಾಪ್ತಿಯನ್ನು ತೋರಿಸಬೇಕೆಂದು ನಾವಾದರೆ ಕೇಳುತ್ತಿದ್ದೆವು. ಆ ದೂರಕ್ಕೆ ಹದಿನೆಂಟು ಸೆಕೆಂಡು ಆಗುತ್ತದೆ. ಬೇಕಾದ ಹನ್ನೆರಡೂವರೆ ಸೆಕೆಂಡು ಕಳೆದರೂ ಐದಕ್ಕೂ ಮಿಕ್ಕಿ ಸೆಕೆಂಡುಗಳು ಉಳಿಯುತ್ತವೆ.

ಇಲ್ಲಿ ಲಂಬ ಆಂಟೆನದ ಒಂದು ವಿಶೇಷವನ್ನು ಹೇಳಬೇಕು. ಅದು ತನ್ನ ಸುತ್ತ ಚೆನ್ನಾಗಿ ಸಾರಿದರೂ ನೇರ ಮೇಲಕ್ಕೂ ನೇರ ಕೆಳಕ್ಕೂ ಬಹು ಕಡಮೆ ಸಾರುತ್ತದೆ. ಬಿಸಿಗಾಳಿಯ ಕಂಬದಲ್ಲಿ ಒಂದರ ಮೇಲೊಂದು ಸುತ್ತುವ ಗ್ಲೈಡರುಗಳಿಗೆ ಇದರಿಂದ ಅಪಾಯವಿಲ್ಲವೇ? ಅಲ್ಲಿ ಅಂತರ ನೂರಿನ್ನೂರು ಮೀಟರಾದುದರಿಂದ ಸಂಕೇತ ಸ್ವಭಾವತಃ ನೂರಾರು ಪಟ್ಟು ಬಲವಾಗಿರುತ್ತದೆ, ಮತ್ತು ಮೇಲಿನದು ಕೆಳಗಿನದರ ನೇರ ನೆತ್ತಿಯ ಮೇಲೆ ಬಹುಕಾಲ ನಿಲ್ಲುವುದೂ ಇಲ್ಲ. ಹೊಸ ಮಾದರಿಗಳಲ್ಲಿ ಎರಡು ಆಂಟೆನಗಳಿಗೆ ಅವಕಾಶವಿದೆ. ಒಂದನ್ನು ಮುಚ್ಚಳದ ಕೆಳಗೂ ಇನ್ನೊಂದನ್ನು ಒಡಲಿನ ತಳದಲ್ಲೋ ಹಿಂಭಾಗದಲ್ಲೋ ಇಟ್ಟರೆ ಒಂದರ ಕುರುಡನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ಕಡೆ, ಒಂದೇ ಫಲಕದ ಹಿಂದೆ ಇಟ್ಟು ಎರಡು ಪಟ್ಟು ರಕ್ಷಣೆ ದೊರೆಯಿತೆಂದು ನಂಬಬಾರದು. ಇನ್ನು ಎಷ್ಟೇ ದುಂಡನೆಯ ನಕ್ಷೆಯಿದ್ದರೂ, ಯಾವ ಸಾಧನವನ್ನೂ ಹೊತ್ತಿಲ್ಲದ ವಿಮಾನವಾಗಲಿ, ಅದೇ ಗಾಳಿಯಲ್ಲಿ ಸುತ್ತುವ ಹದ್ದಾಗಲಿ ಅದರಲ್ಲಿ ಮೂಡುವುದಿಲ್ಲ. ಅವನ್ನು ಈಗಲೂ ಕಣ್ಣಿನಿಂದಲೇ ಹುಡುಕಬೇಕು.